ಟಿವಿ ಆಟಕ್ಕೆ ಬಂದ ಜಾನ್ ಕೇಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಪ್ಪು ಬಿಳುಪಿನ ಒಂದು ಹಳೇ ಟಿವಿ ತುಣುಕು ಇಂಟರ್ನೆಟ್ಟಿನಲ್ಲಿ ವರ್ಷಗಳಿಂದ ಓಡಾಡುತ್ತಿದೆ. ಸೂಟು ಹಾಕಿದ ಎತ್ತರದ ಮನುಷ್ಯ ಬಾತ್‌ಟಬ್, ಮಿಕ್ಸಿ, ರೇಡಿಯೊಗಳ ನಡುವೆ ಗಂಭೀರವಾಗಿ ಓಡಾಡುತ್ತಾನೆ, ಪ್ರೇಕ್ಷಕರು ನಗುತ್ತಾರೆ. ನೋಡಿದವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ಉತ್ತರ ಇಲ್ಲಿದೆ.

ಈ ಮನುಷ್ಯ ಯಾರು? ಇದು ಯಾವ ಕಾರ್ಯಕ್ರಮ?

ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್. 1912ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, 1992ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಕಾರ್ಯಕ್ರಮ ಸಿಬಿಎಸ್ ವಾಹಿನಿಯ 'ಐ ಹ್ಯಾವ್ ಗಾಟ್ ಎ ಸೀಕ್ರೆಟ್'. ಕೇಜ್ ಅದರಲ್ಲಿ ಕಾಣಿಸಿಕೊಂಡದ್ದು 1960ರ ಆರಂಭದಲ್ಲಿ. ಅಲ್ಲಿ ಅವರು ನುಡಿಸಿದ ಕೃತಿಯ ಹೆಸರು 'ವಾಟರ್ ವಾಕ್'. ಈ ಹೆಸರೇಕೆ ಎಂದು ಕೇಳಿದರೆ, ಇದರಲ್ಲಿ ನೀರಿದೆ, ನುಡಿಸುವಾಗ ನಾನು ನಡೆಯುತ್ತೇನೆ, ಅಷ್ಟೇ ಎಂದರು.

ಆ ಆಟ ಹೇಗೆ ನಡೆಯುತ್ತಿತ್ತು?

ತೀರಾ ಸರಳ ಆಟ. ಅತಿಥಿ ಬಂದು ನಿರೂಪಕರ ಕಿವಿಯಲ್ಲಿ ತನ್ನ ಗುಟ್ಟನ್ನು ಪಿಸುಗುಡುತ್ತಾರೆ. ಮನೆಯಲ್ಲಿ ಕೂತವರಿಗೆ ಅದು ಪರದೆ ಮೇಲೆ ಅಕ್ಷರದಲ್ಲಿ ಕಾಣುತ್ತದೆ, ಎದುರಿಗೆ ಕೂತ ನಾಲ್ಕು ಜನರಿಗೆ ಮಾತ್ರ ಗೊತ್ತಿರುವುದಿಲ್ಲ. ಅವರು ಸರದಿಯಂತೆ ಪ್ರಶ್ನೆ ಕೇಳಿ ಕೇಳಿ ಗುಟ್ಟನ್ನು ಪತ್ತೆ ಹಚ್ಚಬೇಕು. ಒಬ್ಬರು ಸೋತರೆ ಅತಿಥಿಗೆ 20 ಡಾಲರ್, ನಾಲ್ವರೂ ಸೋತರೆ 80.

ಬಹುಮಾನ ಇಷ್ಟು ಸಣ್ಣದಾಗಿದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಆಗಷ್ಟೇ ಅಮೆರಿಕದ ದೊಡ್ಡ ಮೊತ್ತದ ಕ್ವಿಜ್ ಕಾರ್ಯಕ್ರಮಗಳು ಹಗರಣದಲ್ಲಿ ಸಿಕ್ಕಿಬಿದ್ದಿದ್ದವು. ಸ್ಪರ್ಧಿಗಳಿಗೆ ಉತ್ತರ ಮೊದಲೇ ಹೇಳಿಕೊಟ್ಟಿದ್ದ ಸಂಗತಿ ಬಯಲಾಗಿ ಒಂದೊಂದೇ ಬಾಗಿಲು ಹಾಕಿಕೊಂಡವು. ಈ ಗುಟ್ಟಿನ ಆಟಕ್ಕೆ ಆ ಬಿಸಿ ತಟ್ಟಲಿಲ್ಲ. 80 ಡಾಲರಿಗೆ ಯಾರು ತಾನೇ ಮೋಸ ಮಾಡುತ್ತಾರೆ? ಜನ ನೋಡುತ್ತಿದ್ದದ್ದು ಮಾತಿನ ಚಕಮಕಿಗೆ ಮತ್ತು ವಿಚಿತ್ರ ಅತಿಥಿಗಳಿಗಾಗಿ. 1952ರಲ್ಲಿ ಶುರುವಾದ ಕಾರ್ಯಕ್ರಮ 1967ರವರೆಗೂ ನಡೆಯಿತು.

ಹಾಗಾದರೆ ಕೇಜ್ ಅವರ ಗುಟ್ಟನ್ನು ಯಾರು ಪತ್ತೆ ಹಚ್ಚಿದರು?

ಯಾರೂ ಇಲ್ಲ, ಏಕೆಂದರೆ ಆಟ ನಡೆಯಲೇ ಇಲ್ಲ. ಕೃತಿಯನ್ನು ಪೂರ್ತಿ ಕೇಳಿಸಲು ಸಮಯ ಬೇಕೆಂದು ನಿರೂಪಕ ಗ್ಯಾರಿ ಮೂರ್ ಪ್ರಶ್ನೋತ್ತರವನ್ನೇ ಬಿಟ್ಟುಬಿಟ್ಟರು. ನನ್ನ ಮಟ್ಟಿಗೆ ಈ ತುಣುಕಿನ ನಿಜವಾದ ಅಚ್ಚರಿ ಇದು. ಬಾತ್‌ಟಬ್ಬಲ್ಲ, ರೇಡಿಯೊ ಅಲ್ಲ. ಕೋಟಿಗಟ್ಟಲೆ ಜನ ನೋಡುವ ಸಂಜೆಯ ಹೊತ್ತಿನಲ್ಲಿ, ಜಾಹೀರಾತುದಾರರು ದುಡ್ಡು ಕೊಟ್ಟು ನಡೆಸುವ ಒಂದು ಆಟ ತನ್ನ ಆಟವನ್ನು ಪಕ್ಕಕ್ಕಿಟ್ಟು, ಹೆಸರೇ ಕೇಳಿರದ ಸಂಯೋಜಕನಿಗೆ ಮೂರು ನಿಮಿಷ ಕೊಟ್ಟಿತು.

ವೇದಿಕೆ ಮೇಲೆ ಏನೇನಿತ್ತು?

ಮೂರ್ ಅವರು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. ನೀರಿನ ಹೂಜಿ, ಕಬ್ಬಿಣದ ಕೊಳವೆ, ಹೆಬ್ಬಾತಿನ ಕೂಗು ಹೊರಡಿಸುವ ಪೀಪಿ, ಲಾವುಗೆ ಹಕ್ಕಿಯದ್ದು ಇನ್ನೊಂದು, ವೈನ್ ಬಾಟಲಿ, ಎಲೆಕ್ಟ್ರಿಕ್ ಮಿಕ್ಸಿ, ಸೀಟಿ, ಗಿಡಕ್ಕೆ ನೀರು ಹಾಕುವ ಕ್ಯಾನು, ಐಸ್ ತುಂಡುಗಳು, ಎರಡು ದೊಡ್ಡ ತಾಳ, ಕೀಲಿ ಕೊಟ್ಟರೆ ಓಡುವ ಮೀನು, ರಬ್ಬರ್ ಬಾತುಕೋಳಿ, ಟೇಪ್ ರೆಕಾರ್ಡರ್, ಗುಲಾಬಿ ಹೂವಿನ ಹೂದಾನಿ, ಸೋಡಾ ಸೈಫನ್, ಐದು ರೇಡಿಯೊ, ಒಂದು ಬಾತ್‌ಟಬ್, ಕೊನೆಗೆ ಒಂದು ಗ್ರ್ಯಾಂಡ್ ಪಿಯಾನೊ. ಇದಲ್ಲದೆ ಕುದಿಯುತ್ತಿರುವ ಕುಕ್ಕರಿನ ಹಬೆಯೂ ಒಂದು ವಾದ್ಯ! ನಮ್ಮಲ್ಲಿ ದಿನಾ ಬೆಳಿಗ್ಗೆ ಮನೆಮನೆಯಲ್ಲೂ ಕೇಳುವ ಸದ್ದು.

ಮೀನು ಈಜುವುದಿಲ್ಲ, ಪಿಯಾನೊದ ತಂತಿಗಳಿಗೆ ತಗುಲಿ ಸದ್ದು ಮಾಡುತ್ತದೆ. ಹೂದಾನಿ ಟಬ್ಬಿನೊಳಗೆ ಹೋಗುತ್ತದೆ, ಅದಕ್ಕೆ ಕ್ಯಾನಿನಿಂದ ನೀರು ಬೀಳುತ್ತದೆ. ಐಸ್ ಮಿಕ್ಸಿಯಲ್ಲಿ ಪುಡಿಯಾಗುತ್ತದೆ. ಸಿನಿಮಾ ಸೌಂಡ್ ಎಫೆಕ್ಟಿನವರು ನೀರಿನ ಸದ್ದು ಮಾಡಿದರೆ ಅದು ಯಾವುದೋ ಕಥೆಯ ಮಳೆಯೋ ನದಿಯೋ ಆಗಿರುತ್ತದೆ. ಇಲ್ಲಿ ನೀರಿನ ಸದ್ದು ನೀರಿನ ಸದ್ದು ಮಾತ್ರ.

ರೇಡಿಯೊಗಳನ್ನು ಯಾಕೆ ಮೇಜಿನಿಂದ ಕೆಡವಿದರು? ಸಿಟ್ಟಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಸಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಇದು ಕಾರ್ಮಿಕ ಸಂಘಗಳ ತಕರಾರಿನ ಫಲ. ಐದೂ ರೇಡಿಯೊಗಳನ್ನು ಹೇಳಿದ ಹೊತ್ತಿಗೆ ಹಚ್ಚಬೇಕು, ಹೇಳಿದ ಹೊತ್ತಿಗೆ ಆರಿಸಬೇಕು ಎಂದು ಕೃತಿಯಲ್ಲಿತ್ತು. ಆದರೆ ಸ್ಟುಡಿಯೊದಲ್ಲಿ ಅವುಗಳ ವೈರನ್ನು ಪ್ಲಗ್ಗಿಗೆ ಸಿಕ್ಕಿಸುವುದು ಯಾರ ಕೆಲಸ ಎಂದು ಎರಡು ಸಂಘಗಳ ನಡುವೆ ಜಟಾಪಟಿ ಎದ್ದಿತು. ಪ್ರಸಾರದ ಹೊತ್ತಾದರೂ ಬಗೆಹರಿಯಲಿಲ್ಲ. ಹೀಗಾಗಿ ರೇಡಿಯೊಗಳಿಗೆ ಕರೆಂಟೇ ಇಲ್ಲ.

ಕೇಜ್ ಗೊಣಗಲಿಲ್ಲ. ಹಚ್ಚಬೇಕಾದ ಕ್ಷಣಕ್ಕೆ ರೇಡಿಯೊದ ತಲೆಗೊಂದು ಏಟು, ಆರಿಸಬೇಕಾದ ಕ್ಷಣಕ್ಕೆ ಅದನ್ನೇ ಮೇಜಿನಿಂದ ಕೆಳಕ್ಕೆ ತಳ್ಳುವುದು, ಹೀಗೆ ಮಾಡುತ್ತೇನೆ ಎಂದರು. ಮೂರ್ ಇದನ್ನು ವೀಕ್ಷಕರಿಗೂ ಮೊದಲೇ ವಿವರಿಸುತ್ತಾರೆ. ಚಿಕ್ಕ ತುಣುಕುಗಳಲ್ಲಿ ಆ ವಿವರಣೆಯನ್ನು ಕತ್ತರಿಸಿರುತ್ತಾರೆ. ಅದಕ್ಕೇ ನೋಡಿದವರಿಗೆ ಇದೇನೋ ರಂಪಾಟ ಅನ್ನಿಸುತ್ತದೆ.

ಇದಕ್ಕೆ ಇಪ್ಪತ್ತು ವರ್ಷ ಹಿಂದಿನ ಒಂದು ಘಟನೆ ಗೊತ್ತಿದ್ದರೆ ಈ ಉಪಾಯ ಅಷ್ಟು ಹೊಸದು ಅನ್ನಿಸುವುದಿಲ್ಲ. 1940ರಲ್ಲಿ ಸಿಯಾಟಲ್‌ನ ಕಾರ್ನಿಶ್ ಶಾಲೆಯಲ್ಲಿ ಸಿವಿಲ್ಲಾ ಫೋರ್ಟ್ ಎಂಬ ನರ್ತಕಿಗೆ ಕೇಜ್ ಸಂಗೀತ ಬರೆಯಬೇಕಿತ್ತು. ಅವರಿಗೆ ಬೇಕಾಗಿದ್ದದ್ದು ತಾಳವಾದ್ಯಗಳ ಒಂದು ತಂಡ, ಆದರೆ ರಂಗದಲ್ಲಿ ಒಂದು ಪಿಯಾನೊಗೆ ಮಾತ್ರ ಜಾಗವಿತ್ತು. ಅವರು ಪಿಯಾನೊದ ತಂತಿಗಳ ನಡುವೆ ಬೋಲ್ಟು ಮತ್ತಿತರ ಚಿಕ್ಕ ವಸ್ತುಗಳನ್ನು ಸಿಕ್ಕಿಸಿ ಆ ಒಂದೇ ವಾದ್ಯದಿಂದ ಇಡೀ ತಾಳವಾದ್ಯ ತಂಡದ ಸದ್ದು ಹೊರಡಿಸಿದರು. 'ಪ್ರಿಪೇರ್ಡ್ ಪಿಯಾನೊ' ಎಂದು ಮುಂದೆ ಹೆಸರಾದದ್ದು ಅದೇ. ಅಲ್ಲಿ ಜಾಗ ಇರಲಿಲ್ಲ, ಇಲ್ಲಿ ಕರೆಂಟು ಇರಲಿಲ್ಲ. ಕೇಜ್ ಅವರ ತಂದೆ ವೃತ್ತಿಯಿಂದಲೇ ಸಂಶೋಧಕರು, ಹೊಸ ಯಂತ್ರಗಳನ್ನು ಕಟ್ಟುತ್ತಿದ್ದವರು. ಗುರು ಶೋನ್‌ಬರ್ಗ್ ಕೂಡ ಈ ಶಿಷ್ಯನನ್ನು ಸಂಯೋಜಕ ಅನ್ನುವುದಕ್ಕಿಂತ ಪ್ರತಿಭಾವಂತ ಸಂಶೋಧಕ ಎಂದೇ ಕರೆದರಂತೆ.

ಮನಸ್ಸಿಗೆ ಬಂದಂತೆ ಏನೋ ಮಾಡಿದ್ದಾರೆ, ಇದಕ್ಕೆ ಬರವಣಿಗೆ ಬೇರೆ ಇದೆಯಾ?

ಇದೆ, ಅದೂ ಬಹಳ ಕಟ್ಟುನಿಟ್ಟಿನದು. ಯಾವ ವಸ್ತು ಎಲ್ಲಿರಬೇಕು ಎಂಬ ನಕ್ಷೆ, ಬೇಕಾದ ಸಾಮಾನುಗಳ ಪಟ್ಟಿ, ಆಮೇಲೆ ನಿಮಿಷಕ್ಕೊಂದು ಪುಟದಂತೆ ಮೂರು ಪುಟ. ಯಾವ ಸೆಕೆಂಡಿಗೆ ಯಾವ ಕೆಲಸ ಎಂದು ಕಾಲದ ಗೆರೆಯ ಮೇಲೆ ಗುರುತು ಹಾಕಿದೆ. ತುಣುಕಿನಲ್ಲಿ ಕೇಜ್ ಅವರ ಕಣ್ಣು ಎಲ್ಲಿದೆ ನೋಡಿ. ಪ್ರೇಕ್ಷಕರ ಮೇಲಲ್ಲ, ಸ್ಟಾಪ್‌ವಾಚಿನ ಮೇಲೆ.

ವಸ್ತುಗಳನ್ನೂ ಕ್ಷಣಗಳನ್ನೂ ಜೋಡಿಸಿದ್ದು ಮಾತ್ರ ಸಂಯೋಜಕರ ಇಷ್ಟದಂತೆ ಅಲ್ಲ. ತಮ್ಮದೇ 'ಫೊಂಟಾನಾ ಮಿಕ್ಸ್' ಕೃತಿಗೆ ತಯಾರಿಸಿದ್ದ ಗೆರೆ, ಚುಕ್ಕೆಗಳ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಅವು ಕೂಡುವ ಕಡೆಯಿಂದ ನಿರ್ಧಾರಗಳನ್ನು ಪಡೆದರು. ಬರೆಯುವಾಗ ಆಕಸ್ಮಿಕಕ್ಕೆ ಪೂರ್ತಿ ಜಾಗ, ನುಡಿಸುವಾಗ ಚೂರೂ ಇಲ್ಲ. ಕೇಜ್ ಅವರ ಬಗ್ಗೆ ಜನ ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲೇ.

ಜನ ನಕ್ಕರಲ್ಲ, ಅವಮಾನ ಆಗಲಿಲ್ಲವಾ?

ಇವರೆಲ್ಲ ಒಳ್ಳೆಯ ಜನ, ಆದರೂ ಕೆಲವರು ನಗುತ್ತಾರೆ, ಪರವಾಗಿಲ್ಲವೇ ಎಂದು ಮೂರ್ ಮೊದಲೇ ಕೇಳುತ್ತಾರೆ. ಅಳುವಿಗಿಂತ ನಗು ವಾಸಿ ಎಂಬುದು ಕೇಜ್ ಅವರ ಉತ್ತರ. ಇದು ಸಂಗೀತವೇ ಎಂಬ ಪ್ರಶ್ನೆಗೂ ಅಷ್ಟೇ ನೆಟ್ಟಗೆ ಹೇಳುತ್ತಾರೆ: ಸದ್ದು ಹುಟ್ಟಿಸುವುದು ಸಂಗೀತ ಎಂದು ನಾನು ತಿಳಿದಿದ್ದೇನೆ, ಈ ಕೃತಿಯಲ್ಲಿ ಸದ್ದು ಹುಟ್ಟಿಸುತ್ತೇನೆ, ಆದ್ದರಿಂದ ಸಂಗೀತ ಎಂದು ಕರೆಯುತ್ತೇನೆ. ವಾದ ಇಲ್ಲ, ಸಮರ್ಥನೆಯ ಭಾಷಣ ಇಲ್ಲ.

ನಗು ಬರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ರಬ್ಬರ್ ಬಾತುಕೋಳಿಯನ್ನು ಕೀಚಲು ದನಿಯಲ್ಲಿ ಕೂಗಿಸಿ ನಗಬೇಡಿ ಅನ್ನುವಷ್ಟು ಅಮಾಯಕರಲ್ಲ. ಆದರೆ ನಗಿಸಲೆಂದು ಒಂದು ಕ್ಷಣವೂ ಮುಖ ತಿರುಗಿಸುವುದಿಲ್ಲ, ಚಪ್ಪಾಳೆಗೆ ಕಾಯುವುದಿಲ್ಲ. ಕಾದರೆ ಮುಂದಿನ ಸೆಕೆಂಡು ತಪ್ಪಿಹೋಗುತ್ತದೆ.

ಗ್ಯಾರಿ ಮೂರ್ ಒಳಗೊಳಗೇ ಗೇಲಿ ಮಾಡುತ್ತಿದ್ದಾರೆ ಅನ್ನಿಸುವುದಿಲ್ಲವಾ?

ನನಗಂತೂ ಅನ್ನಿಸಿಲ್ಲ. ಕೇಜ್ ಅವರ ಬಗ್ಗೆ ಬಂದ ಪತ್ರಿಕಾ ವಿಮರ್ಶೆಯೊಂದನ್ನು ಓದುತ್ತಾರೆ, ನ್ಯೂಯಾರ್ಕ್‌ನ 'ನ್ಯೂ ಸ್ಕೂಲ್'ನಲ್ಲಿ ಪಾಠ ಮಾಡುವವರು ಎಂದು ಪರಿಚಯಿಸುತ್ತಾರೆ, ಇವರು ಇದನ್ನು ಗಂಭೀರವಾಗಿ ಮಾಡುತ್ತಿದ್ದಾರೆ ಎಂದು ಹೇಳುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೆ ಒಂದೆರಡು ಚಟಾಕಿ ಹಾರಿಸಿದರೆ ಅದು ಅವರ ಉದ್ಯೋಗ ಧರ್ಮ. ಆ ನ್ಯೂ ಸ್ಕೂಲ್ ತರಗತಿ ಸಣ್ಣದಲ್ಲ ಎಂಬುದು ಆಮೇಲೆ ಗೊತ್ತಾಯಿತು. 'ಹ್ಯಾಪನಿಂಗ್' ಎಂಬ ರಂಗಪ್ರಕಾರಕ್ಕೆ ಹೆಸರಾದ ಅಲನ್ ಕಾಪ್ರೊ, ಫ್ಲಕ್ಸಸ್ ಎಂಬ ಪ್ರಯೋಗಶೀಲ ಕಲಾವಿದರ ಗುಂಪಿನ ಜಾರ್ಜ್ ಬ್ರೆಕ್ಟ್, ಡಿಕ್ ಹಿಗಿನ್ಸ್ ಎಲ್ಲ ಅಲ್ಲಿ ಕೂತು ಕಲಿತವರು.

ಟಿವಿ ಆಟದಲ್ಲಿ ಕೇಜ್ ಕಾಣಿಸಿಕೊಂಡದ್ದು ಇದೊಂದೇ ಸಲವಾ?

ಅಲ್ಲ. ಇದಕ್ಕಿಂತ ಒಂದು ವರ್ಷ ಮೊದಲು, 1959ರ ಆರಂಭದಲ್ಲಿ, ಇಟಲಿಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಅಲ್ಲಿ ಅವರು ಅತಿಥಿಯಲ್ಲ, ನಿಜವಾದ ಸ್ಪರ್ಧಿ. ವಿಷಯ ಸಂಗೀತವಲ್ಲ, ಅಣಬೆ!

ಇಟಲಿಯ ಸಂಯೋಜಕ ಲುಚಾನೊ ಬೆರಿಯೊ ಆಹ್ವಾನದ ಮೇಲೆ ಕೇಜ್ ಮಿಲಾನ್‌ಗೆ ಹೋಗಿ, ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆ ರಾಯ್ ನಡೆಸುತ್ತಿದ್ದ ಧ್ವನಿ ಪ್ರಯೋಗಶಾಲೆಯಲ್ಲಿ 'ಫೊಂಟಾನಾ ಮಿಕ್ಸ್' ತಯಾರಿಸುತ್ತಿದ್ದರು. ಕೈಯಲ್ಲಿ ದುಡ್ಡಿರಲಿಲ್ಲ. ಅದೇ ಸಂಸ್ಥೆಯ 'ಲಾಶಾ ಒ ರಾದ್ದೊಪ್ಪಿಯಾ' ಆಗ ಇಟಲಿಯ ಮನೆಮಾತು. ಬಿಟ್ಟು ಹೋಗುತ್ತೀಯೋ ಎರಡರಷ್ಟು ಮಾಡುತ್ತೀಯೋ ಎಂಬುದೇ ಆಟ. ಪ್ರತಿ ಸರಿಯುತ್ತರಕ್ಕೂ ಮೊತ್ತ ದ್ವಿಗುಣ, ತಪ್ಪಿದರೆ ಕೈ ಬಿಡುತ್ತದೆ. ಎಲ್ಲರ ಮನೆಯಲ್ಲಿ ಟಿವಿ ಇಲ್ಲದ ಕಾಲ. ಗುರುವಾರ ಸಂಜೆ ಚಿತ್ರಮಂದಿರಗಳಲ್ಲೇ ಸಿನಿಮಾ ನಿಲ್ಲಿಸಿ ಇದನ್ನು ತೋರಿಸುತ್ತಿದ್ದರು, ಇಲ್ಲದಿದ್ದರೆ ಜನ ಬರುತ್ತಿರಲಿಲ್ಲ. ನಿರೂಪಕ ಮೈಕ್ ಬೊಂಜೋರ್ನೊ ಎಷ್ಟು ಜನಪ್ರಿಯರೆಂದರೆ, ಆಗ ರಾಯ್‌ನಲ್ಲಿ ಕೆಲಸದಲ್ಲಿದ್ದ ಲೇಖಕ ಉಂಬೆರ್ತೊ ಎಕೊ ಮುಂದೆ ಅವರ ಮೇಲೆಯೇ ಒಂದು ಪ್ರಬಂಧ ಬರೆದರು.

ಕೇಜ್ ಅಲ್ಲಿಗೆ ಐದು ವಾರ ಹೋದರು. ಅಣಬೆ ಪ್ರಶ್ನೆಗಳಿಗೆ ಉತ್ತರಿಸುವುದರ ಜೊತೆಗೆ ತಮ್ಮ ಕೃತಿಗಳನ್ನೂ ನುಡಿಸಿದರು. 'ವಾಟರ್ ವಾಕ್' ಮತ್ತು 'ಸೌಂಡ್ಸ್ ಆಫ್ ವೆನಿಸ್' ಹುಟ್ಟಿದ್ದೇ ಈ ಕಾರ್ಯಕ್ರಮಕ್ಕಾಗಿ. ಎರಡನ್ನೂ 'ಒಬ್ಬ ಟಿವಿ ಕಲಾವಿದನಿಗೆ' ಎಂದು ಬರೆದಿದ್ದಾರೆ. ಅಂದರೆ ಸಭಾಂಗಣದ ಸಂಗೀತವನ್ನು ಟಿವಿ ಹಾಳುಮಾಡಿತು ಎಂದು ಮರುಗುವಂತಿಲ್ಲ, ಇದು ಟಿವಿಗೆಂದೇ ಬರೆದ ಸಂಗೀತ.

ಕೊನೆಯ ಪ್ರಶ್ನೆ ಏನಾಗಿತ್ತು?

ಅಮೆರಿಕದ ಅಣಬೆ ತಜ್ಞ ಅಟ್ಕಿನ್‌ಸನ್ ಅವರ ಗ್ರಂಥದಲ್ಲಿ ಬರುವ, ಬಿಳಿ ಬೀಜಕಗಳ 24 ಬಗೆಯ ಅಣಬೆಗಳ ಹೆಸರು ಹೇಳಬೇಕಿತ್ತು. ಕೇಜ್ ಇಪ್ಪತ್ನಾಲ್ಕನ್ನೂ ಹೇಳಿದರು, ಅದೂ ಅಕ್ಷರಮಾಲೆಯ ಕ್ರಮದಲ್ಲಿ. ಹಾಗೆ ಹೇಳಬೇಕೆಂದು ಯಾರೂ ಕೇಳಿರಲಿಲ್ಲ.

ಅಣಬೆ ಹುಚ್ಚು ಎಲ್ಲಿಂದ ಹತ್ತಿತು?

1954ರಲ್ಲಿ ಅವರು ನ್ಯೂಯಾರ್ಕ್ ನಗರ ಬಿಟ್ಟು ಸ್ಟೋನಿ ಪಾಯಿಂಟ್ ಎಂಬ ಕಾಡಂಚಿನ ಊರಿಗೆ ಹೋದರು. ಅಲ್ಲಿ ಕಾಡು ಸುತ್ತುತ್ತ ಅಣಬೆ, ಸೊಪ್ಪು ಕಿತ್ತು ತಿನ್ನುವ ಅಭ್ಯಾಸವಾಯಿತು. ಒಂದು ಸಲ ತಿನ್ನುವ ಸೊಪ್ಪು ಎಂದುಕೊಂಡು ವಿಷದ ಹೆಲಿಬೋರ್ ಗಿಡವನ್ನು ಬೇಯಿಸಿ, ತಾವೂ ತಿಂದು ಅತಿಥಿಗಳಿಗೂ ಬಡಿಸಿ, ಆಸ್ಪತ್ರೆ ಸೇರಿ ಹೊಟ್ಟೆ ತೊಳೆಸಿಕೊಳ್ಳಬೇಕಾಯಿತು. ಈ ಕಥೆಯನ್ನು ಅವರೇ ವೇದಿಕೆ ಮೇಲೆ ಹೇಳುತ್ತಿದ್ದರು. ಆಮೇಲೆ ಗೈ ನಿಯರಿಂಗ್ ಎಂಬ ತಜ್ಞರ ಜೊತೆ ಸೇರಿ ನ್ಯೂ ಸ್ಕೂಲ್‌ನಲ್ಲಿ ಅಣಬೆ ಗುರುತಿಸುವ ತರಗತಿ ನಡೆಸಿದರು. 1962ರಲ್ಲಿ ನ್ಯೂಯಾರ್ಕ್ ಅಣಬೆ ಸಂಘವನ್ನು ಕಟ್ಟಿದವರಲ್ಲಿ ಇವರೂ ಒಬ್ಬರು. ಸಂಘ ಇಂದಿಗೂ ಇದೆ.

ಸಂಗೀತ ರಚನೆಯಲ್ಲಿ ನಿರ್ಧಾರವನ್ನು ಆಕಸ್ಮಿಕಕ್ಕೆ ಒಪ್ಪಿಸಿದ ಮನುಷ್ಯ ಅಣಬೆಯ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಮಾಡುವಂತೆಯೂ ಇರಲಿಲ್ಲ ಬಿಡಿ.

ಎಷ್ಟು ಗೆದ್ದರು? ಆ ದುಡ್ಡು ಏನಾಯಿತು?

ಸುಮಾರು 50 ಲಕ್ಷ ಲೀರಾ. ಆಗ ಒಂದು ಡಾಲರಿಗೆ 625 ಲೀರಾದ ಲೆಕ್ಕದಲ್ಲಿ 8 ಸಾವಿರ ಡಾಲರ್ ಹತ್ತಿರ. ನಲವತ್ತಾರನೇ ವಯಸ್ಸಿನಲ್ಲಿ ಕೇಜ್ ಮೊದಲ ಬಾರಿಗೆ ಕಂಡ ದೊಡ್ಡ ದುಡ್ಡು ಇದು. ತಮಗೊಂದು ಪಿಯಾನೊ ಕೊಂಡರು, ಬಾಳಸಂಗಾತಿ ಮರ್ಸ್ ಕನಿಂಗ್‌ಹ್ಯಾಮ್ ಅವರ ನೃತ್ಯ ತಂಡಕ್ಕೆ ಒಂದು ಫೋಕ್ಸ್‌ವ್ಯಾಗನ್ ಬಸ್ಸು ಕೊಂಡರು. ಮುಂದಿನ ವರ್ಷಗಳಲ್ಲಿ ತಂಡ ಅದೇ ಬಸ್ಸಿನಲ್ಲಿ ಸಾಮಾನು ತುಂಬಿಕೊಂಡು ಅಮೆರಿಕದ ಊರೂರು ಸುತ್ತಿತು. ಅಲ್ಲಿಯ ಆಧುನಿಕ ನೃತ್ಯದ ಒಂದು ಮುಖ್ಯ ಅಧ್ಯಾಯ ಅಣಬೆ ಕ್ವಿಜ್‌ನ ದುಡ್ಡಿನ ಮೇಲೆ ಓಡಿತು ಅಂದರೆ ತಪ್ಪಾಗದು.

ಬೀಳ್ಕೊಡುವಾಗ ನಡೆದ ಮಾತು ಆಗಿನ ಪತ್ರಿಕಾ ವರದಿಯಲ್ಲಿದೆ. ನೀವು ಹೊರಟಿರೋ ಎಂದು ಬೊಂಜೋರ್ನೊ ಕೇಳಿದರಂತೆ. ನಾನು ಹೋಗುತ್ತೇನೆ, ನನ್ನ ಸಂಗೀತ ಇಲ್ಲೇ ಇರುತ್ತದೆ ಎಂದರಂತೆ ಕೇಜ್. ಉಲ್ಟಾ ಆಗಿದ್ದರೆ ಚೆನ್ನಾಗಿತ್ತು, ನೀವು ಉಳಿದು ಸಂಗೀತ ಹೋಗಬೇಕಿತ್ತು ಎಂದು ಬೊಂಜೋರ್ನೊ! ಮೂರ್ ಅವರ ಸಭ್ಯತೆ ಇಟಲಿಯಲ್ಲಿ ಸಿಕ್ಕಿರಲಿಲ್ಲ.

ಇಟಲಿಯ ವಿಡಿಯೊ ಎಲ್ಲಿ ಸಿಗುತ್ತದೆ?

ಸಿಗುವುದಿಲ್ಲ. ಆ ಸಂಚಿಕೆಗಳ ದೃಶ್ಯ ಉಳಿದಿಲ್ಲ. ಫೋಟೊಗಳು, ಪತ್ರಿಕಾ ವರದಿಗಳು ಮಾತ್ರ ಇವೆ. ಅಮೆರಿಕದ್ದು ಉಳಿದುಕೊಂಡದ್ದೇ ನಮ್ಮ ಪುಣ್ಯ.

ಕೇಜ್ ರಂಗಸಂಗೀತದವರಾ?

ಹಾಡು, ಕುಣಿತ, ಕಥೆ ಇರುವ ಬ್ರಾಡ್‌ವೇ ನಾಟಕಗಳ ಅರ್ಥದಲ್ಲಿ ಅಲ್ಲ. ಆದರೆ ಅವರ ಬದುಕಿನ ಬಹುಪಾಲು ಕೆಲಸ ನಡೆದದ್ದು ರಂಗದ ಮೇಲೆ, ನರ್ತಕರ ಪಕ್ಕದಲ್ಲಿ. 1952ರ ಬೇಸಿಗೆಯಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ಅವರು ಏರ್ಪಡಿಸಿದ್ದ ಒಂದು ಪ್ರದರ್ಶನದಲ್ಲಿ ಉಪನ್ಯಾಸ, ಕವಿತೆ, ಪಿಯಾನೊ, ಕನಿಂಗ್‌ಹ್ಯಾಮ್ ನೃತ್ಯ, ರಾಬರ್ಟ್ ರೌಷನ್‌ಬರ್ಗ್ ಅವರ ಬಿಳಿ ಚಿತ್ರಗಳು ಎಲ್ಲವೂ ಒಟ್ಟೊಟ್ಟಿಗೆ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆದವು. 'ವಾಟರ್ ವಾಕ್' ಕೂಡ ಕಿವಿಯಷ್ಟೇ ಕಣ್ಣಿಗೂ ಬರೆದದ್ದು. ಧ್ವನಿಮುದ್ರಣವನ್ನು ಮಾತ್ರ ಕೇಳಿದರೆ ಅರ್ಧ ಸಿಕ್ಕಂತೆ.

ನಾಲ್ಕೂವರೆ ನಿಮಿಷ ಏನೂ ನುಡಿಸದ ಆ ಕೃತಿ ಇವರದ್ದೇನಾ?

ಹೌದು, ಇವರದ್ದೇ. ನಾಲ್ಕು ನಿಮಿಷ 33 ಸೆಕೆಂಡು. 1952ರಲ್ಲಿ ಪಿಯಾನೊ ವಾದಕ ಡೇವಿಡ್ ಟ್ಯೂಡರ್ ಮೊದಲು 'ನುಡಿಸಿದರು'.

ಭಾರತದ ಜೊತೆ ಏನಾದರೂ ನಂಟಿದೆಯಾ?

ಇದೆ, ಅದೂ ಗಟ್ಟಿಯಾದ ನಂಟು. 1946ರಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿ ಪಾಶ್ಚಾತ್ಯ ಸಂಗೀತ ಕಲಿಯಲು ನ್ಯೂಯಾರ್ಕ್‌ಗೆ ಬಂದರು. ಕೇಜ್ ಶುಲ್ಕ ಬೇಡವೆಂದರು, ಬದಲಿಗೆ ನನಗೆ ಭಾರತೀಯ ಸಂಗೀತ ಹೇಳಿಕೊಡಿ ಎಂದರು. ಸಂಗೀತ ಯಾಕಾಗಿ ಎಂದು ಕೇಳಿದಾಗ, ಮನಸ್ಸನ್ನು ತಿಳಿಯಾಗಿಸಿ ಶಾಂತಗೊಳಿಸಿ ದೈವದ ಪ್ರಭಾವಕ್ಕೆ ತೆರೆದುಕೊಳ್ಳುವಂತೆ ಮಾಡಲು ಎಂದು ತಮ್ಮ ಗುರುಗಳು ಹೇಳಿದ್ದರು ಎಂದು ಗೀತಾ ತಿಳಿಸಿದರು. ಕೇಜ್ ಇದನ್ನು ಬದುಕಿಡೀ ಉದ್ಧರಿಸುತ್ತಿದ್ದರು. ಹೊರಡುವ ಮುಂಚೆ ಗೀತಾ ಅವರಿಗೆ ಕೊಟ್ಟದ್ದು ರಾಮಕೃಷ್ಣ ಪರಮಹಂಸರ ವಚನಗಳ ಪುಸ್ತಕ.

ಅದೇ ಕಾಲಕ್ಕೆ ಭಾರತೀಯ ಕಲೆಯ ವಿದ್ವಾಂಸ ಆನಂದ ಕುಮಾರಸ್ವಾಮಿಯವರ ಬರಹಗಳನ್ನು ಓದಿ, ಪ್ರಿಪೇರ್ಡ್ ಪಿಯಾನೊಗೆ 'ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್' ಬರೆದರು. 1946ರಿಂದ 1948ರವರೆಗೆ ರಚಿಸಿದ ಆ ಕೃತಿಯ ಉದ್ದೇಶ ನವರಸಗಳನ್ನು ಸಂಗೀತದಲ್ಲಿ ತರುವುದು, ಎಲ್ಲವೂ ಕೊನೆಗೆ ಶಾಂತದ ಕಡೆ ವಾಲುವುದು. ಯಕ್ಷಗಾನ, ನಾಟಕ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಳುವಿಗಿಂತ ನಗು ವಾಸಿ ಎಂದು ಟಿವಿಯಲ್ಲಿ ಹೇಳಿದವರು ಹಾಸ್ಯವೂ ಕರುಣವೂ ಎರಡು ರಸಗಳೆಂದು ಓದಿ ತಿಳಿದಿದ್ದವರು. ಆ ಮಾತು ಅಲ್ಲಿಂದಲೇ ಬಂತೆಂದು ನಾನು ಹೇಳುತ್ತಿಲ್ಲ. ಆದರೆ ನಗುವನ್ನು ಅವರು ಕೀಳಾಗಿ ಕಂಡವರಲ್ಲ. 1964ರ ವಿಶ್ವಪ್ರವಾಸದಲ್ಲಿ ಕನಿಂಗ್‌ಹ್ಯಾಮ್ ತಂಡದೊಂದಿಗೆ ಕೇಜ್ ಭಾರತಕ್ಕೂ ಬಂದರು, ಅಹಮದಾಬಾದಿನಲ್ಲಿ ಸಾರಾಭಾಯಿ ಕುಟುಂಬವೇ ಆತಿಥ್ಯ ನೀಡಿತು.

ಈಗಲೂ ಯಾರಾದರೂ 'ವಾಟರ್ ವಾಕ್' ನುಡಿಸುತ್ತಾರಾ?

ನುಡಿಸುತ್ತಾರೆ. ತಾಳವಾದ್ಯದವರಿಗೆ ಇದು ಅಚ್ಚುಮೆಚ್ಚು. ಅವರಿಗೊಂದು ಪೇಚು ಮಾತ್ರ ಇದೆ: ರೇಡಿಯೊಗಳನ್ನು ಏನು ಮಾಡುವುದು? ಬರಹದಲ್ಲಿರುವಂತೆ ಹಚ್ಚಿ ಆರಿಸುವುದೇ ಸರಿ. ಆದರೆ ತುಣುಕು ನೋಡಿ ಬಂದ ಪ್ರೇಕ್ಷಕರು ರೇಡಿಯೊ ಬೀಳುವುದನ್ನೇ ಕಾಯುತ್ತಿರುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಪ್ಲಗ್ಗಿಗೆ ಕರೆಂಟಿದ್ದೂ ರೇಡಿಯೊ ಒಡೆಯುವುದು ಬರೀ ನಕಲು. ಹಚ್ಚಿದ ರೇಡಿಯೊದಲ್ಲಿ ಆ ಹೊತ್ತಿಗೆ ಏನು ಬರುತ್ತಿದೆಯೋ, ವಾರ್ತೆಯೋ ಚಿತ್ರಗೀತೆಯೋ ಬರೀ ಗೊರಗೊರವೋ, ಅದನ್ನು ಒಳಗೆ ಬಿಟ್ಟುಕೊಳ್ಳುವುದು ಕೃತಿಯ ಮೂಲ ಆಸೆ. 1960ರಲ್ಲಿ ಅದು ಈಡೇರಲಿಲ್ಲ.

ಮೊದಲ ಸಲ ನೋಡುವವರು ಎಲ್ಲಿಂದ ಶುರು ಮಾಡಬೇಕು?

ಪೂರ್ತಿ ತುಣುಕು ಹುಡುಕಿ, ಮೂರ್ ಅವರ ಪೀಠಿಕೆ ಬಿಡಬೇಡಿ. ಒಂದು ಸಲ ನಗುತ್ತಾ ನೋಡಿ. ಎರಡನೇ ಸಲ ಸದ್ದುಗಳ ನಡುವಿನ ಅಂತರವನ್ನು ಗಮನಿಸಿ. ಎಲ್ಲಿ ಒತ್ತಾಗಿ ಬರುತ್ತವೆ, ಎಲ್ಲಿ ಅವರು ವಾಚು ನೋಡುತ್ತ ಸುಮ್ಮನೆ ನಿಲ್ಲುತ್ತಾರೆ ನೋಡಿ. ಆ ನಿಲ್ಲುವಿಕೆಗಳಲ್ಲಿ ಪ್ರೇಕ್ಷಕರ ನಗು ಕೇಳಿಸುತ್ತದೆ, ಕೇಜ್ ಅದನ್ನೂ ಹೊರಗಿಟ್ಟವರಲ್ಲ.